ಪುಸ್ತಕದ ಬೆನ್ನು ಉಬ್ಬಬಾರದು

ದೊಡ್ಡಉಳ್ಳಾರ್ತಿಯ ನಿವೃತ್ತ ಅಂಚೆಯಣ್ಣ ಪಾತಣ್ಣನ ಅಂಚೆಚೀಟಿಗಳು ಚಳ್ಳಕೆರೆಯ ಪರಂಪರೆ ಸಂರಕ್ಷಣಾ ಕೇಂದ್ರದಲ್ಲಿ ಎಷ್ಟು ಸುರಕ್ಷಿತವಾಗಿವೆಯೋ ಅಷ್ಟು ಸುರಕ್ಷಿತವಾದ ವಸ್ತು ಇಡೀ ಜಿಲ್ಲೆಯಲ್ಲಿ ಇನ್ನೊಂದಿಲ್ಲವೆಂದು ಎಲ್ಲರೂ ನಂಬಿದ್ದರು. ಪಾತಣ್ಣನೂ ನಂಬಿದ್ದ. ನಂಬದವಳು ಅವನ ಹೆಂಡತಿ ಮೂಗಮ್ಮ ಒಬ್ಬಳೇ. ಆಕೆ ಯಾವ ಸಮಿತಿಯಲ್ಲೂ ಇರಲಿಲ್ಲವಾದ್ದರಿಂದ ಅದನ್ನು ನಡಾವಳಿಯಲ್ಲಿ ದಾಖಲಿಸಲಿಲ್ಲ.

ಚೀಟಿಗಳು ಹನ್ನೊಂದು ಸ್ಟಾಕ್‌ಬುಕ್ಕುಗಳಲ್ಲಿದ್ದವು. ಅಂಟು ಹಚ್ಚದೆ, ಪುಟದ ಮೇಲಿನ ತೆಳು ಪಟ್ಟಿಗಳೊಳಗೆ ಚೀಟಿ ಸಿಕ್ಕಿಸಿಡುವ ದಪ್ಪ ರಟ್ಟಿನ ಪುಸ್ತಕಗಳವು. ನಲವತ್ತು ವರ್ಷ ಪಾತಣ್ಣ ಅವನ್ನು ತಗಡಿನ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ತಿಂಗಳಿಗೊಮ್ಮೆ ನೆರಳಲ್ಲಿ ಬಿಡಿಸಿ ಗಾಳಿಯಾಡಿಸಿ, ಚಿಮಟದಲ್ಲಲ್ಲದೆ ಬೆರಳಲ್ಲಿ ಮುಟ್ಟದೆ ಕಾಪಾಡಿದ್ದ. ಒಂದು ಚೀಟಿಗೂ ಮುದ್ರೆ ಬಿದ್ದಿರಲಿಲ್ಲ. ಈ ಕ್ರಮ ಅವೈಜ್ಞಾನಿಕವೆಂದು ಕೇಂದ್ರ ಅವನಿಗೆ ಮನವರಿಕೆ ಮಾಡಿಕೊಟ್ಟು, ಪುಸ್ತಕಗಳನ್ನು ದಾನವಾಗಿ ಪಡೆಯಿತು.

ಮೊದಲು ತೇವಾಂಶ ಹೀರುವ ಎರಡು ಯಂತ್ರ ಬಂದವು. ಚಳ್ಳಕೆರೆಯ ಗಾಳಿಯಲ್ಲಿ ಹೀರಲು ಏನೂ ಸಿಗದೆ ಸುಮ್ಮನೆ ನಿಂತವು. ಸುಮ್ಮನೆ ನಿಂತ ಯಂತ್ರಕ್ಕೆ ನಿರ್ವಹಣಾ ಅನುದಾನ ಬರುವುದಿಲ್ಲ. ಆದಕಾರಣ ಕೊಠಡಿಯಲ್ಲಿ ಪ್ರತಿದಿನ ಎರಡು ಬಕೆಟ್ ನೀರು ಇಡತಕ್ಕದ್ದೆಂದು ಆದೇಶವಾಯಿತು.

ಮೊಳಕಾಲ್ಮೂರಿನಲ್ಲಿ ಅಂಚೆಚೀಟಿ ಪ್ರದರ್ಶನವಿತ್ತು. ಮೊದಲ ಸಂಬಳದಲ್ಲಿ ಕೊಂಡ ಚೀಟಿಗಳಿದ್ದ ಮೊದಲನೇ ಪುಸ್ತಕವನ್ನು ಎರಡು ದಿನದ ಮಟ್ಟಿಗೆ ಕೇಳಲು ಪಾತಣ್ಣ ಕೇಂದ್ರಕ್ಕೆ ಹೋದ. ಸಂರಕ್ಷಣಾಧಿಕಾರಿ ಈರೇಶ್ ಕುರ್ಚಿ ಕೊಟ್ಟು ಕೂರಿಸಿದ.

“ಪುಸ್ತಕದ ಬೀರು ತೆಗೆದ್ರೆ ಒಳಗೆ ಗಾಳಿ ಹೊಗ್ತೈತೆ, ಪಾತಣ್ಣಾರೇ.”

“ಗಾಳಿ ಆಡ್ಲಿ ಅಂತಾನೇ ನಾನು ತೆಗೀತಿದ್ದೆ ಕಣಪ್ಪ.”

“ಅದು ಮನೆ ಗಾಳಿ. ಇಲ್ಲಿ ಅನುಮೋದನೆ ಬೇಕು. ಅರ್ಜಿ ಕೊಡ್ರಿ, ಅಂಚೆಯಾಗೆ ಉತ್ತರ ಬರ್ತೈತೆ.”

“ನಿನ್ನ ಎದುರಿಗೇ ಕುಂತೀನಲ್ಲೋ, ಈಗ್ಲೇ ಹೇಳು.”

“ಬಾಯಾಗೆ ಹೇಳಿದ್ದಕ್ಕೆ ಕಡತ ಸಂಖ್ಯೆ ಇರಲ್ರೀ.”

ಪ್ರದರ್ಶನ ಮುಗಿದ ಮೂರನೇ ದಿನ ಉತ್ತರ ಬಂತು. ಸಂರಕ್ಷಣೆಯ ಹಿತದೃಷ್ಟಿಯಿಂದ ಮನವಿಯನ್ನು ತಿರಸ್ಕರಿಸಲಾಗಿತ್ತು. ಪಾತಣ್ಣ ಪತ್ರ ಓದಲಿಲ್ಲ, ಲಕೋಟೆಯನ್ನೇ ನೋಡುತ್ತ ನಿಂತ. ಇಪ್ಪತ್ತೈದು ಪೈಸೆಯ ಇಪ್ಪತ್ತು ಚೀಟಿಗಳು ಅದನ್ನು ಪೂರ್ತಿ ಮುಚ್ಚಿದ್ದವು. ಜಾಗ ಸಾಲದೆ ವಿಳಾಸವನ್ನು ಹಿಂಬದಿಗೆ ಬರೆದಿದ್ದರು. ಮೊದಲನೇ ಪುಸ್ತಕದ ನಾಲ್ಕನೇ ಪುಟ, ಅವನು ಜೋಡಿಸಿದ ಸಾಲೂ ತಪ್ಪದೆ, ಮೈತುಂಬ ಕಪ್ಪು ಮುದ್ರೆ ಹೊತ್ತು ಮನೆಗೆ ಬಂದಿತ್ತು.

ಮುಂದಿನ ಬಸ್ಸಿಗೇ ಹೋದ.

“ಲೇ ಈರೇಶ, ನನ್ನ ಚೀಟಿ ಕಿತ್ತು ಅಂಟಿಸೀಯಲ್ಲೋ!”

ಈರೇಶ್ ಬೇಸರಿಸಲಿಲ್ಲ. ಕೈಪಿಡಿ ತೆರೆದು ಗಟ್ಟಿಯಾಗಿ ಓದಿದ: ‘ಸ್ಟಾಕ್‌ಬುಕ್ಕನ್ನು ಅತಿಯಾಗಿ ತುಂಬತಕ್ಕದ್ದಲ್ಲ, ಬೆನ್ನು ಉಬ್ಬುತ್ತದೆ. ಉಬ್ಬಿದಲ್ಲಿ ಹೆಚ್ಚುವರಿ ಚೀಟಿಗಳನ್ನು ಹೊರತೆಗೆದು ಸೂಕ್ತ ಕಾರ್ಯಕ್ಕೆ ಬಳಸತಕ್ಕದ್ದು.’

“ಅಂಚೆಚೀಟಿಗೆ ಅಂಚೆಗಿಂತ ಸೂಕ್ತ ಕಾರ್ಯ ಯಾವ್ದೈತೆ ಹೇಳ್ರಿ? ಊರಿಗೆಲ್ಲ ಕಾಗದ ಹಂಚಿದೋರು ನೀವೇ.”

“ಕಾಪಾಡ್ರಿ ಅಂತ ಕೊಟ್ಟಿದ್ದು ನಾನು.”

“ಕಾಪಾಡೀವಲ್ರೀ! ದಾನಪತ್ರ ನೋಡ್ರಿ, ‘ಸ್ಟಾಕ್‌ಬುಕ್ ಹನ್ನೊಂದು’ ಅಂತೈತೆ. ಒಳಗೆ ಏನೈತೆ ಅಂತ ನೀವೇ ಬರ್ಸಿಲ್ಲ. ಪುಸ್ತಕ ಈಗ ಎಷ್ಟು ಸಪೂರಾಗಿ ನಿಂತಾವೆ, ಬಂದು ನೋಡ್ರಿ. ಅಂದ್ರೆ, ಅರ್ಜಿ ಕೊಟ್ಟು ನೋಡ್ರಿ.”

ಮನೆಯಲ್ಲಿ ಮೂಗಮ್ಮ ಎಲ್ಲ ಕೇಳಿಸಿಕೊಂಡಳು.

“ನಲವತ್ತು ವರ್ಷ ಆ ಚೀಟಿಗೆ ಗಾಳಿ ಹಾಕ್ದೆ, ನನಗೊಂದಿನ ಬೀಸಣಿಗೆ ಬೀಸ್ಲಿಲ್ಲ. ಈಗ ಅಳಬ್ಯಾಡ. ಅರ್ಜಿ ಹಾಕಿದ್ರೆ ಚೀಟಿ ಬಾಗ್ಲಿಗೇ ಬರ್ತಾವಲ್ಲ? ದಿನಾ ಹಾಕು.”

ಪಾತಣ್ಣ ದಿನಾ ಹಾಕಿದ. ಬೀರುವಿನ ಬಣ್ಣ ಯಾವುದು, ಬಕೆಟ್ಟು ಎಷ್ಟು ಲೀಟರಿನದು, ಕೊಠಡಿಯಲ್ಲಿ ಹಲ್ಲಿಗಳಿವೆಯೇ, ಇದ್ದಲ್ಲಿ ಅವು ಕಾಯಂ ಆಗಿವೆಯೇ. ಕೇಂದ್ರ ಒಂದನ್ನೂ ಬಾಕಿ ಉಳಿಸಲಿಲ್ಲ. ಬಂದ ಲಕೋಟೆಗಳನ್ನು ಅವನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಚೀಟಿ ಬಿಡಿಸಿ, ಒಣಗಿಸಿ ಎತ್ತಿಟ್ಟ. ಮುದ್ರೆ ಮಾತ್ರ ನೀರಿಗೆ ಜಗ್ಗಲಿಲ್ಲ. ಸಂರಕ್ಷಣೆ ಹೇಗೆ ನಡೆದಿದೆಯೆಂದು ಬೆಂಗಳೂರಿಗೆ ವಾರವಾರ ಹೋಗುತ್ತಿದ್ದ ವರದಿಗಳ ಮೇಲಿನ ಚೀಟಿಗಳು ಅವನ ಕೈಗೆ ಸಿಗಲೇ ಇಲ್ಲ.

ಅರ್ಜಿ ವಿಲೇವಾರಿಯಲ್ಲಿ ಕೇಂದ್ರ ರಾಜ್ಯಕ್ಕೇ ಮೊದಲು ಬಂತು. ನಿರ್ದೇಶಕಿ ನಿರ್ಮಲಾ ಮೇಡಂ ಬೆಂಗಳೂರಿನಿಂದ ಖುದ್ದಾಗಿ ಬಂದು ಹನ್ನೊಂದು ಪುಸ್ತಕಗಳ ಬೆನ್ನನ್ನೂ ಸ್ಕೇಲಿಟ್ಟು ಅಳೆದರು. ಉಬ್ಬಿಲ್ಲ, ಬೂಷ್ಟಿಲ್ಲ, ರಟ್ಟು ಬಾಗಿಲ್ಲ. ತೆರೆದು ನೋಡುವುದನ್ನು ಕೈಪಿಡಿ ನಿಷೇಧಿಸಿದ್ದರಿಂದ ಅವರು ತೆರೆಯಲಿಲ್ಲ. ಸಭೆಯಲ್ಲಿ ಈರೇಶನಿಗೆ ಪದಕ, ಅತಿ ಹೆಚ್ಚು ಅರ್ಜಿ ಸಲ್ಲಿಸಿದ ಜಾಗೃತ ನಾಗರಿಕನೆಂದು ಪಾತಣ್ಣನಿಗೆ ಮೊಳಕಾಲ್ಮೂರು ರೇಷ್ಮೆಯ ಶಾಲು. ಜನ ಚಪ್ಪಾಳೆ ತಟ್ಟಿದರು. ಪಾತಣ್ಣನೂ ತಟ್ಟಿದ.

ವಾರದ ಮೇಲೆ ತಪಾಸಣಾ ಪ್ರಮಾಣಪತ್ರದ ನಕಲು ದಾನಿಯ ಮಾಹಿತಿಗಾಗಿ ಅಂಚೆಯಲ್ಲಿ ಬಂತು. ಹನ್ನೊಂದೂ ಪುಸ್ತಕಗಳು ಸುಸ್ಥಿತಿಯಲ್ಲಿವೆ ಎಂದು ಅದರಲ್ಲಿತ್ತು. ತಂದ ಅಂಚೆಯವನು ಬಾಗಿಲಲ್ಲೇ ನಿಂತು ದುಪ್ಪಟ್ಟು ದರ ಕೇಳಿದ. ಲಕೋಟೆಯ ಮೇಲೆ ಚೀಟಿ ಇರಲಿಲ್ಲ.