ಏಳನೇ ನಂಬರಿನ ಗಂಡು

ನಾನು ಪತ್ರ ಬರಹಗಾರ. ಚಾಮರಾಜನಗರದಲ್ಲಿ ಒಂದು ಪುಟ್ಟ ಅಂಗಡಿಯಲ್ಲಿ ಕೂತು ಇಪ್ಪತ್ತಾರು ವರ್ಷದಿಂದ ಜನರ ಹೊಲ, ಮನೆ, ಸೈಟುಗಳ ಕ್ರಯಪತ್ರ ಬರೆಯುತ್ತಿದ್ದೇನೆ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಓಣಿ ಎಂದು ನಾಲ್ಕು ದಿಕ್ಕಿನ ಚೆಕ್ಕುಬಂದಿ ಹಾಕಿದೆನೆಂದರೆ ಒಂದು ಗೇಣು ಆಚೀಚೆ ಆದದ್ದಿಲ್ಲ. ಇಂಥ ನನಗೆ ಒಬ್ಬ ಮದುವೆ ಗಂಡನ್ನು ಗುರುತು ಹಿಡಿಯುವುದು ಯಾವ ಮಹಾ ಕೆಲಸ!

ಗುಂಡ್ಲುಪೇಟೆಯಲ್ಲಿರುವ ನನ್ನ ತಂಗಿ ಸರ್ವಮಂಗಳ ಒಂದು ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿದಳು. ಅವಳ ಮಗಳು ಶ್ರುತಿ ಫಿಸಿಯೋಥೆರಪಿ ಓದಿದವಳು. ಊರವರ ಸೊಂಟ, ಮಂಡಿ, ಕತ್ತು ಎಲ್ಲವನ್ನೂ ಸರಿಮಾಡುತ್ತಾಳೆ. ಮದುವೆ ಮಾತೆತ್ತಿದರೆ ಮಾತ್ರ ತನ್ನ ಕತ್ತನ್ನೇ ಆಚೆ ತಿರುಗಿಸುತ್ತಾಳೆ. ಅದುವರೆಗೆ ಒಂಬತ್ತು ಗಂಡುಗಳು ಬಂದು ಕೇಸರಿಬಾತು ತಿಂದು ಹೋಗಿದ್ದವು. ಒಂಬತ್ತನೆಯವನು ಹೋದ ಮೇಲೆ ಅವಳು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಳು: “ಇನ್ನೊಂದ್ಸಲ ನನ್ನ ಕೇಳ್ದೆ ಮನೆಗೆ ಗಂಡು ಕರ್ಕೊಂಡು ಬಂದ್ರೆ ನಾನು ಮದುವೆನೇ ಆಗಲ್ಲ. ಅಷ್ಟೇ!” ಅವಳು ಹೇಳಿದರೆ ಹೇಳಿದ ಹಾಗೇ ಮಾಡುವವಳು. ಅಂದಿನಿಂದ ನನ್ನ ತಂಗಿಗೆ ಅನ್ನ ಸೇರುತ್ತಿರಲಿಲ್ಲ.

“ಅಣ್ಣೋ, ಬಾಯಿ ಬುಟ್ಲು ಕಣಣ್ಣೋ!”

“ಯಾರು?”

“ಇನ್ಯಾರು, ಶ್ರುತಿ! ‘ಅವ್ವ, ಹೋದ್ವರ್ಷ ಚಾಮರಾಜನಗರ ಟೀಮಲ್ಲಿ ಏಳನೇ ನಂಬರ್ ಆಡ್ತಿದ್ನಲ್ಲ, ಆ ತರದೋನು ಆದ್ರೆ ನೋಡ್ಬೋದು’ ಅಂದ್ಲು. ಅಷ್ಟಂದು ಎದ್ದೋಗಿ ಕೈ ತೊಳ್ಕಬುಟ್ಲು!”

ನಮ್ಮ ಎರಡೂ ಊರಿನಲ್ಲಿ ಸಂಬಳ ಕೊಟ್ಟು ಆಟಗಾರರನ್ನು ಇಟ್ಟುಕೊಂಡಿರುವ ಬ್ಯಾಸ್ಕೆಟ್‌ಬಾಲ್ ತಂಡಗಳಿವೆ. ಚಾಮರಾಜನಗರದ್ದು ಹಳದಿ ಅಂಗಿ, ಗುಂಡ್ಲುಪೇಟೆಯದು ನೀಲಿ. ಹೋದ ವರ್ಷ ಎರಡೂ ತಂಡ ಆಡಿದಾಗ ಹಳದಿ ಅಂಗಿಯ ಏಳನೇ ನಂಬರಿನವನ ಕಾಲು ಉಳುಕಿ, ಅಲ್ಲೇ ಇದ್ದ ಶ್ರುತಿ ಓಡಿಹೋಗಿ ಪಟ್ಟಿ ಕಟ್ಟಿದ್ದಳಂತೆ. ಆ ಪಟ್ಟಿ ಅವತ್ತೇ ಬಿಚ್ಚಿಹೋಗಿರಬೇಕು, ಗಂಟು ಮಾತ್ರ ಉಳಿದುಕೊಂಡಿದೆ ಎಂದು ನನಗೆ ತಕ್ಷಣ ಹೊಳೆಯಿತು. ಭಾನುವಾರ ಗುಂಡ್ಲುಪೇಟೆಯಲ್ಲೇ ಈ ವರ್ಷದ ಪಂದ್ಯ ಬೇರೆ ಇತ್ತು!

“ಯೋಚ್ನೆ ಬುಡು ಮಂಗಳಾ. ಸೋದರಮಾವ ಇರೋದು ಯಾಕೆ? ಭಾನ್ವಾರ ಮಧ್ಯಾನ ಗಂಡು ನಿನ್ನ ಮನೇಲಿ ಊಟಕ್ಕೆ ಕೂತಿರ್ತಾನೆ. ಹೋಳಿಗೆ ಮಾಡು!”

“ಅವ್ಳ್ನ ಕೇಳ್ದೆ ಕರ್ಕಬಂದ್ರೆ ಬೋದಾಳು ಕಣಣ್ಣ.”

“ಅವಳೇ ಬಾಯಿಬಿಟ್ಟು ಹೇಳಿದ ಗಂಡು ಕಣೆ. ಬೈಯೋದಿರಲಿ, ನನ್ನ ಕಾಲಿಗೆ ಬೀಳ್ತಾಳೆ ನೋಡ್ತಿರು!”

ನನ್ನ ಹೆಂಡತಿ ಗಿರಿಜ ಎಲ್ಲವನ್ನೂ ಕೇಳಿಸಿಕೊಂಡು, “ರೀ, ಆ ಹುಡ್ಗನ ಹೆಸ್ರೇನು ಅಂತ ಶ್ರುತಿನೇ ಒಂದ್ಮಾತು ಕೇಳ್ಬುಡಿ” ಎಂದಳು.

“ಹೆಣ್ಮಗು ನಾಚ್ಕೊಂಡು ಒಂದು ಮಾತು ಆಡಿದೆ. ಅದನ್ನ ಕೆದಕಬಾರದು. ಊರು ಗೊತ್ತು, ನಂಬರ್ ಗೊತ್ತು. ಚೆಕ್ಕುಬಂದಿ ಪಕ್ಕಾ!”

“ಏನೋಪ್ಪ, ನಿಮ್ಮಿಷ್ಟ” ಎಂದು ಅವಳು ಒಳಗೆ ಹೋದಳು. ನಮ್ಮ ಮದುವೆಯಾದ ಮೇಲೆ ಅವಳು ಈ ಮಾತನ್ನು ಮೂರು ಸಲ ಆಡಿದ್ದಾಳೆ. ಮೂರು ಸಲವೂ ನಾನು ಆಮೇಲೆ ಯಾರ ಹತ್ತಿರವಾದರೂ ಕ್ಷಮೆ ಕೇಳಿದ್ದೇನೆ.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಇಬ್ಬರೂ ಗುಂಡ್ಲುಪೇಟೆಗೆ ಬಂದಿಳಿದೆವು. ಬಿಸಿಲಿಗೆಂದು ನನ್ನ ದೊಡ್ಡ ಕರೀ ಕೊಡೆಯೂ ಜೊತೆಗಿತ್ತು. ಮೈದಾನದಲ್ಲಿ ಕಾಲಿಡಲು ಜಾಗವಿಲ್ಲ. ಬ್ಯಾಸ್ಕೆಟ್‌ಬಾಲ್ ಆಟದ ಬಗ್ಗೆ ನನಗಿದ್ದ ಜ್ಞಾನವೆಂದರೆ ಚೆಂಡು ಬುಟ್ಟಿಯೊಳಗೆ ಬೀಳಬೇಕು, ಆ ಬುಟ್ಟಿಗೆ ತಳ ಇರುವುದಿಲ್ಲ, ಅಷ್ಟೇ. ದೂರದಲ್ಲಿ ಶ್ರುತಿ ಔಷಧಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಳು. ಅವಳ ಕಣ್ಣಿಗೆ ಬೀಳದ ಹಾಗೆ ನಾವು ಬುಟ್ಟಿಯ ಕಂಬದ ಹಿಂದೆ ಜನರ ನಡುವೆ ಸೇರಿಕೊಂಡೆವು.

ಹಳದಿ ತಂಡ ಓಡಿ ಬಂತು. ಏಳನೇ ನಂಬರ್! ಆರಡಿಗೂ ಮೇಲೆ ಆಳು, ತೆಂಗಿನಮರದಂಥ ಕಾಲು, ಮುಖದಲ್ಲಿ ಕಳೆ. ನನಗೆ ಕಣ್ಣು ತುಂಬಿ ಬಂತು.

“ನೋಡೇ, ನಮ್ಮ ಅಳಿಮಯ್ಯ!”

“ಮೆತ್ತಗೆ ಮಾತಾಡ್ರೀ” ಎಂದಳು ಗಿರಿಜ.

ಅಷ್ಟರಲ್ಲಿ ಮೈಕಿನವನು ಕೂಗಿದ: “ಎರಡೂ ತಂಡಗಳಿಗೆ ಆಡಿದ ಹೆಗ್ಗಳಿಕೆ ಇರುವ ಇಬ್ಬರು ಆಟಗಾರರು ಇವತ್ತು ಎದುರುಬದುರಾಗಿದ್ದಾರೆ!” ಅವರ ಹೆಸರು ಹೇಳುವ ಹೊತ್ತಿಗೆ ಮೈಕು ಕುಯ್ಯೆಂದಿತು. ನಾನು ಗಿರಿಜಳಿಗೆ ಗಂಭೀರವಾಗಿ ಹೇಳಿದೆ: “ಹೋದ ವರ್ಷ ಆ ಕಡೆ, ಈ ವರ್ಷ ಈ ಕಡೆ. ಒಂದು ಕಡೆ ನಿಲ್ಲೋ ಜಾತಿ ಅಲ್ಲ. ಅಂಥವರಿಗೆ ಮಾತ್ರ ಹೆಣ್ಣು ಕೊಡಬಾರದು ನೋಡು!”

ಆಟ ಶುರುವಾಯಿತು. ನಮ್ಮ ಏಳನೇ ನಂಬರ್ ಚೆಂಡು ಹಾಕಿದಾಗಲೆಲ್ಲ ನಾನು ಎಗರಿ ಕುಣಿದೆ. ಸುತ್ತ ಇದ್ದವರೆಲ್ಲ ಗುಂಡ್ಲುಪೇಟೆಯವರು. ಪಕ್ಕದ ಹಿರಿಯರೊಬ್ಬರು ಬೀಡಿ ಬಾಯಿಂದ ತೆಗೆದು, “ಯಾವೂರಣ್ಣ ನಿಂದು?” ಎಂದು ಕೇಳಿದರು. ನಾನು ಎದೆಯುಬ್ಬಿಸಿ ಊರು ಹೇಳಿದೆ. ಅವರು ಬೀಡಿ ಮತ್ತೆ ಬಾಯಿಗಿಟ್ಟುಕೊಂಡು ಒಂದು ಮಾರು ಆಚೆ ಸರಿದರು.

ನೀಲಿ ತಂಡದಲ್ಲೂ ಒಬ್ಬ ಏಳನೇ ನಂಬರ್ ಇದ್ದ. ಪೀಡೆ! ನಮ್ಮ ಅಳಿಯನಿಗೆ ಅಂಟಿಕೊಂಡೇ ಓಡುತ್ತಿದ್ದ, ಕೈಗೆ ಬಂದ ಚೆಂಡನ್ನು ಕಿತ್ತುಕೊಳ್ಳುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

“ಆ ನೀಲಿ ದಾಂಡಿಗನ್ನ ಹಿಡೀರ್ಲಾ! ನಮ್ಮ ಹುಡುಗನ ಕಾಲು ಮುರಿದು ಹಾಕ್ತಾನೆ! ಮೊದಲೇ ಉಳುಕಿದ ಕಾಲು!”

ನೀಲಿಯವನು ಒಂದು ಸಲ ತಿರುಗಿ ನನ್ನನ್ನೇ ನೋಡಿದ. ನಾನೂ ಬಿಡದೆ ದುರುಗುಟ್ಟಿದೆ.

ಕೊನೆಯ ಗಳಿಗೆ ಬಂತು. ನಮ್ಮವರು ಒಂದೇ ಒಂದು ಅಂಕ ಮುಂದೆ. ಯಾರೋ ನೀಲಿಯವನನ್ನು ತಳ್ಳಿದರೆಂದು ರೆಫ್ರಿ ಸೀಟಿ ಊದಿ, ಅವನಿಗೆ ಎರಡು ಫ್ರೀ ಥ್ರೋ ಕೊಟ್ಟುಬಿಟ್ಟ. ಯಾರೂ ಅಡ್ಡ ಬರುವ ಹಾಗಿಲ್ಲ, ನಿಂತಲ್ಲಿಂದ ಹಾಕಬೇಕು. ಒಂದು ಬಿದ್ದರೆ ಸಮ, ಎರಡೂ ಬಿದ್ದರೆ ಗುಂಡ್ಲುಪೇಟೆಗೆ ಗೆಲುವು. ಇಡೀ ಮೈದಾನ ಉಸಿರು ಬಿಗಿಹಿಡಿಯಿತು. ಅವನು ಬುಟ್ಟಿಯ ಕಡೆ ನೋಡಿದ. ಬುಟ್ಟಿಯ ಹಿಂದೆ ಯಾರು? ನಾನು!

ನನಗೆ ಆವೇಶ ಬಂದುಬಿಟ್ಟಿತು. ಫಟ್ಟೆಂದು ಕೊಡೆ ಬಿಚ್ಚಿ, ಮೇಲಕ್ಕೆತ್ತಿ, ಎಡಕ್ಕೂ ಬಲಕ್ಕೂ ಬೀಸುತ್ತಾ “ಹೋಯ್! ಹೋಯ್! ಹೋಯ್!” ಎಂದು ಕೂಗಿದೆ. ಮೊದಲನೆಯದು ಅಂಚಿಗೆ ಬಡಿದು ಆಚೆ ಹೋಯಿತು. ಎರಡನೆಯದು ಅಂಚಿಗೂ ತಾಗಲಿಲ್ಲ! ನಾವು ಗೆದ್ದೆವು! ಗುಂಡ್ಲುಪೇಟೆಯ ಜನ ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ಬರವಣಿಗೆಯಲ್ಲಿ ನಮೂದಿಸಲಾರೆ. ಗಿರಿಜ ಎಲ್ಲಿ ಎಂದು ನೋಡಿದರೆ ನನ್ನ ಪರಿಚಯವೇ ಇಲ್ಲದವಳಂತೆ ದೂರದ ಕಡಲೆಕಾಯಿ ಗಾಡಿಯ ಹತ್ತಿರ ನಿಂತಿದ್ದಳು.

ನಾನು ನೇರ ನಮ್ಮ ಹಳದಿ ಏಳನೇ ನಂಬರಿನ ಹತ್ತಿರ ಹೋದೆ. ಹೆಣ್ಣಿನ ಕಡೆಯವರು ‘ಮದುವೆ ಆಗಿದೆಯಾ’ ಎಂದು ನೇರವಾಗಿ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಸುತ್ತಿ ಬಳಸಿ ವಿಚಾರಣೆ ಮಾಡಬೇಕು.

“ಕಾಲು ಹೆಂಗದೆಯಪ್ಪ ಈಗ?”

“ನೋವು ಇದ್ದದ್ದೇ ಸಾ. ನಾವು ಆಡೋರು, ಕಾಲು ನೋಯ್ದೆ ಇದ್ದದಾ?”

ಸರಿಹೋಯಿತು! “ಮನೆದೇವ್ರು ಯಾವುದಪ್ಪ?”

“ಮಾದಪ್ಪ ಸಾ.”

ಮಲೆ ಮಾದಪ್ಪ! ನಮ್ಮ ಮಂಗಳನ ಮನೆದೇವರೂ ಅದೇ. ನಮ್ಮ ಜಿಲ್ಲೆಯಲ್ಲಿ ಕಲ್ಲೆಸೆದರೆ ಮಾದಪ್ಪನ ಒಕ್ಕಲಿನವರ ಮೇಲೇ ಬೀಳುತ್ತದೆ ಎನ್ನುವುದು ಆ ಸಂತೋಷದಲ್ಲಿ ನೆನಪಾಗಲಿಲ್ಲ.

“ಮನೇಲಿ ಯಾರ್ಯಾರು ಇದ್ದೀರಿ?”

“ಅಪ್ಪ, ಅವ್ವ, ಅಣ್ಣ, ಅತ್ಗೆ... ಎಲ್ಲಾ ಇದ್ದೀವಿ ಸಾ. ಬೇಗೂರತ್ರ ಬಾಳೆತೋಟ ಅದ.”

ನಾಲ್ಕೂ ದಿಕ್ಕು ಕೂಡಿತು. “ನಮ್ಮೂರ ಮಾನ ಉಳಿಸ್ದೆ ಕಣಪ್ಪ. ಇಲ್ಲೇ ನನ್ನ ತಂಗಿ ಮನೆ. ಒಂದು ತುತ್ತು ಊಟ ಮಾಡ್ಕೊಂಡೇ ಹೋಗಬೇಕು” ಎಂದೆ. ಅವನು ಎರಡು ಸಲ ಹೇಳಿಸಿಕೊಳ್ಳಲಿಲ್ಲ. ಕೈಕಾಲು ತೊಳೆದು ಬಂದೇಬಿಟ್ಟ.

ಮಂಗಳನ ಮನೆಯಲ್ಲಿ ಹಬ್ಬ. ಬಾಗಿಲಿಗೆ ತೋರಣ ಕಟ್ಟಿದ್ದಳು. ಗಂಡು ಬಾಗಿಲಲ್ಲಿ ಬಗ್ಗಿ ಒಳಗೆ ಬಂದದ್ದನ್ನು ನೋಡಿ ಅವಳ ಮುಖ ಅರಳಿಹೋಯಿತು. ಅಕ್ಕಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿದರು. ಗಂಡು ಕೂತ, ತಿಂದ. ಹೋಳಿಗೆ ಒಂದು, ಎರಡು, ನಾಲ್ಕು... ಹನ್ನೊಂದು! ಪ್ರತಿ ಹೋಳಿಗೆಗೂ ನಮ್ಮ ಭರವಸೆ ಒಂದೊಂದು ಮೆಟ್ಟಿಲು ಏರಿತು.

“ಇಷ್ಟು ಸಂಕೋಚ ಇಲ್ದೆ ಊಟ ಮಾಡ್ತನೆ ಅಂದ್ರೆ ನಮ್ಮನೆ ಅವ್ನಿಗೆ ಒಗ್ತು ಕಣಣ್ಣ” ಎಂದು ಮಂಗಳ ನನ್ನ ಕಿವಿಯಲ್ಲಿ ಹೇಳಿ ಕಣ್ಣೊರೆಸಿಕೊಂಡಳು.

ಬಿಸಿ ಇದ್ದಾಗಲೇ ತಟ್ಟಬೇಕೆಂದು ನಾನು ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಒಂದು ಶರ್ಟ್ ಪೀಸು ಇಟ್ಟು, ಹೆಗಲಿಗೆ ಶಾಲು ಹೊದಿಸಿ ಅವನ ಕೈಗೆ ಕೊಟ್ಟೆ. ನಮ್ಮಲ್ಲಿ ಹೆಣ್ಣಿನ ಮನೆಯ ತಾಂಬೂಲ ತಗೊಂಡರೆ ಮಾತು ಮುಗಿದ ಹಾಗೆ! ಅವನು ಎದ್ದು ನಿಂತು, ಎರಡೂ ಕೈಯಲ್ಲಿ ತಗೊಂಡು, ಕಣ್ಣಿಗೊತ್ತಿಕೊಂಡ. ತನ್ನ ಮೊಬೈಲು ಕೊಟ್ಟು ಫೋಟೋ ತೆಗೆಸಿಕೊಂಡು ಅಲ್ಲೇ ಸ್ಟೇಟಸ್ಸಿಗೂ ಹಾಕಿದ. ಗಂಡಿಗೇ ಇಷ್ಟು ಆತುರ ಇರುವ ಸಂಬಂಧವನ್ನು ನಾನು ಕಂಡಿರಲಿಲ್ಲ.

ಆಗ ಶ್ರುತಿ ಬಂದಳು. ಹಿಂದೆಯೇ ಒಬ್ಬ ಬಾಗಿಲಲ್ಲಿ ಬಗ್ಗಿ ಒಳಗೆ ಬಂದ. ನೀಲಿ ಅಂಗಿ, ಏಳನೇ ನಂಬರ್. ಆ ದಾಂಡಿಗ!

ಶ್ರುತಿ ಶಾಲು ನೋಡಿದಳು, ತಾಂಬೂಲ ನೋಡಿದಳು, ಹೆತ್ತ ತಾಯಿಯನ್ನು ನೋಡಿದಳು. “ಅವ್ವ! ಇದು ಹತ್ತನೇದಾ?”

“ನೀನೇ ಹೇಳ್ದಲ್ಲ ಕಣಮ್ಮಿ, ಚಾಮರಾಜನಗರದ ಏಳನೇ ನಂಬರು ಅಂತ...”

“ಹೋದ್ವರ್ಷದ ಏಳನೇ ನಂಬರ್ ಅಂದೆ! ಅದು ಇವ್ರು, ಪ್ರಸಾದ್!” ಎಂದು ನೀಲಿಯವನನ್ನು ತೋರಿಸಿದಳು. “ನಿನ್ ಹತ್ರ ಮಾತಾಡ್ಲಿ ಅಂತ ನಾನೇ ಇವತ್ತು ಕರ್ಕೊಂಡು ಬಂದೆ!”

ಹೆಗಲ ಮೇಲೆ ಶಾಲು ಹೊದ್ದವನು ನೀಲಿಯವನನ್ನು ನೋಡಿ ಹಲ್ಲು ಕಿರಿದ. “ಲೋ ಪ್ರಸಾದ, ನಿಂಗೂ ಸನ್ಮಾನ ಮಾಡಾರಾ? ಸೋತೋರಿಗೂವೆ?”

“ಸನ್ಮಾನ ಅಲ್ಲ ಕಣಪ್ಪ, ತಾಂಬೂಲ!” ಎಂದೆ ನಾನು. “ಹೆಣ್ಣು ಕೊಡೋ ತಾಂಬೂಲ!”

“ಅಯ್ಯಯ್ಯೋ ಸಾ! ನಂಗೆ ಮದ್ವ ಆಗದ! ಒಂದು ಕೂಸೂ ಅದ!”

ಆಗಲೇ ಹೇಳಿದ್ದನಲ್ಲ, ‘ಎಲ್ಲಾ ಇದ್ದೀವಿ’ ಎಂದು. ಆ ಎಲ್ಲರಲ್ಲಿ ಹೆಂಡತಿ, ಕೂಸು ಇಬ್ಬರೂ ಇದ್ದರು. ಅವನ ಹೆಸರು ಮಲ್ಲೇಶ. ಹೋದ ವರ್ಷ ಅವನು ಗುಂಡ್ಲುಪೇಟೆಗೆ, ಪ್ರಸಾದ ಚಾಮರಾಜನಗರಕ್ಕೆ ಆಡಿದ್ದರು. ಈ ವರ್ಷ ಅದಲು ಬದಲು. ಅಂಗಿ ತಂಡದ್ದು, ಹೊಸದಾಗಿ ಬಂದವನು ಬಿಟ್ಟುಹೋದವನ ಅಂಗಿ ಹಾಕಿಕೊಳ್ಳುವುದು.

“ಸರ್ವೆ ನಂಬರ್ ಜಮೀನಿಂದು, ಮಾಲೀಕ ಬದಲಾಗ್ತಾನೆ” ಎಂದಳು ಗಿರಿಜ ಮೆಲ್ಲಗೆ. “ಇಪ್ಪತ್ತಾರು ವರ್ಷದಿಂದ ಅದನ್ನೇ ಅಲ್ವೇನ್ರೀ ನೀವು ಬರೀತಿರೋದು?”

ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಸಾದ ನನ್ನನ್ನೇ ದಿಟ್ಟಿಸಿದ. ಆಮೇಲೆ ಮೂಲೆಯಲ್ಲಿ ಒರಗಿಸಿದ್ದ ಕೊಡೆ ನೋಡಿದ. “ಕಂಬದ ಹಿಂದೆ ನಿಂತು ಕುಣೀತಿದ್ದೋರು ನೀವೇ ಅಲ್ವಾ? ನನ್ನ ದಾಂಡಿಗ ಅಂದೋರು!”

“ನಮ್ ಮಾವ” ಎಂದಳು ಶ್ರುತಿ, ಯಾರೋ ತೀರಿಹೋದ ಸುದ್ದಿ ಹೇಳುವವಳಂತೆ.

ಪ್ರಸಾದ ತಿರುಗಿ ಚಪ್ಪಲಿ ಮೆಟ್ಟಿಕೊಂಡ. “ಇಡೀ ಊರು ನನಗೆ ಉಗೀತಾ ಇದೆ. ಇನ್ನೊಂದಿನ ಬರ್ತೀನಿ ಶ್ರುತಿ” ಎಂದ. ಮಂಗಳ ಸೆರಗು ಬಾಯಿಗೆ ಒತ್ತಿಕೊಂಡಳು. ಒಂಬತ್ತು ಗಂಡನ್ನು ಬೇಡವೆಂದ ಹುಡುಗಿ ತಾನಾಗಿ ಒಬ್ಬನನ್ನು ಮನೆಗೆ ಕರೆತಂದರೆ, ಅವನನ್ನು ಹೊಸಿಲು ದಾಟಿಸಿ ಓಡಿಸುತ್ತಿರುವವನು ಸ್ವಂತ ಸೋದರಮಾವ! ನನಗೆ ಅಳುವೇ ಬಂತು. “ತಪ್ಪಾಯ್ತಪ್ಪ, ಬೇಕಾದ್ರೆ ಆ ಕೊಡೇಲೇ ನನಗೆ ನಾಲ್ಕು ಬಾರಿಸು, ಹೋಗಬೇಡ” ಎಂದು ಕೈ ಮುಗಿದೆ.

ಕಾಪಾಡಿದವನು ಮಲ್ಲೇಶ. ಬಾಳೆಹಣ್ಣು ಸುಲಿಯುತ್ತಾ ಹೇಳಿದ: “ಸುಮ್ಕಿರ್ಲಾ ಪ್ರಸಾದ. ಎರಡೂ ಟೀಮ್ನೋರ್ನ ಕೇಳು, ನೀನು ಫ್ರೀ ಥ್ರೋ ಯಾವತ್ತು ಹಾಕಿದ್ದೀಯ? ಪ್ರಾಕ್ಟೀಸಲ್ಲಿ ಕೊಡೆ ಯಾರು ಬೀಸ್ತಿದ್ರು?”

ಮೊದಲು ಶ್ರುತಿ ಫಕ್ಕನೆ ನಕ್ಕಳು. ಪ್ರಸಾದ ಅವಳನ್ನು ನೋಡಿ ತಡೆದುಕೊಳ್ಳಲಾರದೆ ತಾನೂ ನಕ್ಕ. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ಮಂಗಳನ ಮುಂದೆ ಕೂತು ಮೂರೇ ಮಾತಿನಲ್ಲಿ ಹೆಣ್ಣು ಕೇಳಿದ. ಅವಳು ಒಂದೇ ಮಾತಿನಲ್ಲಿ ಒಪ್ಪಿದಳು. ಐದು ನಿಮಿಷವೂ ಆಗಲಿಲ್ಲ! ನಿಜವಾದ ಅಳಿಯನಿಗೆ ಬಡಿಸೋಣವೆಂದು ಒಳಗೆ ಹೋದರೆ ಹೋಳಿಗೆ ಪಾತ್ರೆ ಬರಿದು. ಪಾಪ, ಅನ್ನ ಸಾರು ಉಂಡ.

ಅಷ್ಟರಲ್ಲಿ ಮಲ್ಲೇಶನ ಫೋನು ಬಡಿದುಕೊಂಡಿತು. ಅವನ ಹೆಂಡತಿ. ಸ್ಟೇಟಸ್ಸು ನೋಡಿಬಿಟ್ಟಿದ್ದಳು. “ಯಾವೋಳ ಮನೇಲಿ ತಾಂಬೂಲ ಈಸ್ಕಂಡಿದ್ದೈ?” ಎಂಬ ದನಿ ಬೀದಿಗೂ ಕೇಳಿಸಿತು. ನಾನು ಕಾಗದ ಈಸಿಕೊಂಡು, ‘ಸದರಿ ತಾಂಬೂಲವು ಕಣ್ತಪ್ಪಿನಿಂದ ಕೊಡಲ್ಪಟ್ಟಿದ್ದು, ಸದರಿಯವರ ಮೇಲೆ ನಮ್ಮ ಮನೆತನಕ್ಕೆ ಯಾವುದೇ ಹಕ್ಕು, ಬಾಧ್ಯತೆ ಇರುವುದಿಲ್ಲ’ ಎಂದು ತಿದ್ದುಪಡಿ ಪತ್ರ ಬರೆದು, ಇಬ್ಬರು ಸಾಕ್ಷಿಗಳ ರುಜು ಹಾಕಿಸಿ ಅವನ ಜೇಬಿಗಿಟ್ಟು ಕಳಿಸಿದೆ. ಆ ದಿನ ನಾನು ತಪ್ಪಿಲ್ಲದೆ ಮಾಡಿದ ಕೆಲಸ ಅದೊಂದೇ.

ನಾಲ್ಕು ಗಂಟೆ ಬಸ್ಸಿಗೆ ವಾಪಸು ಹೊರಟೆವು. ಇಷ್ಟೆಲ್ಲ ಆದರೂ ನನಗೆ ಒಳಗೊಳಗೇ ಹೆಮ್ಮೆ. ತೆರಕಣಾಂಬಿ ದಾಟುವಾಗ ಮೀಸೆ ತಿರುವಿಕೊಂಡು ಹೇಳಿದೆ: “ಏನೇ ಆಗ್ಲಿ, ಒಂದು ಮದುವೆ ಕೂಡಿಸ್ದೆ ನೋಡು!”

ಗಿರಿಜ ಕಿಟಕಿಯಿಂದ ಮುಖ ತಿರುಗಿಸಿದಳು. “ಅಲ್ರೀ, ನೀವು ಇವತ್ತು ಮನೇಲೇ ಮಲ್ಗಿದ್ರೆ ಏನಾಗ್ತಿತ್ತು? ಶ್ರುತಿ ಅವನನ್ನ ಕರ್ಕೊಂಡು ಇದೇ ಹೊತ್ಗೆ ಬರ್ತಿದ್ಲು. ಅವನು ಇದೇ ಮಾತು ಕೇಳ್ತಿದ್ದ. ಮಂಗಳ ಇದೇ ತರ ಒಪ್ತಿದ್ಲು. ನೀವು ಬಂದಿದ್ರಿಂದ ಹೆಚ್ಗೆ ಏನಾಯ್ತು, ನೀವೇ ಹೇಳಿ.”

ನಾನು ಯೋಚಿಸಿದೆ. ಚಾಮರಾಜನಗರದ ಬಸ್‌ಸ್ಟಾಂಡ್ ಬರುವವರೆಗೂ ಬಹಳ ಆಳವಾಗಿ ಯೋಚಿಸಿದೆ. ಹನ್ನೊಂದು ಹೋಳಿಗೆ ಖರ್ಚಾದದ್ದು ಬಿಟ್ಟರೆ ಬೇರೇನೂ ಸಿಗಲಿಲ್ಲ!