ನಾನು ತಿರುಗಿಸಿದ ಚಂಡಮಾರುತ

ನಮ್ಮ ಕೊಡಗು ರಾಜ್ಯಕ್ಕೆ ಮಂತ್ರಿಗಳು ಇಬ್ಬರಿದ್ದಾರೆ, ಸಮುದ್ರ ಒಂದೂ ಇಲ್ಲ. ಹೀಗಿರುವಾಗ ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತವೊಂದರ ಸಂಪೂರ್ಣ ಉಸ್ತುವಾರಿ ಸುಂಟಿಕೊಪ್ಪದ ದಿನಸಿ ಅಂಗಡಿಯೊಂದರ ಜಗಲಿಗೆ ಬಂದದ್ದು ಹೇಗೆ ಎಂದು ನೀವು ಕೇಳಬಹುದು. ನನ್ನಿಂದ ಬಂತು!

ಅಂಗಡಿ ನನ್ನ ಸೋದರಮಾವ ಬೆಳ್ಯಪ್ಪನವರದು. ಅಲ್ಲಿ ಬೇಳೆ ಬೆಲ್ಲ ಪೊಟ್ಟಣ ಕಟ್ಟುವುದು ನನ್ನ ಉದ್ಯೋಗ. ನಿಜವಾದ ಕಸುಬು ಬೇರೆ: ಇನ್ನೊಬ್ಬರ ದನಿ ತೆಗೆಯುವುದು. ಮಾವ ನಶ್ಯ ಏರಿಸಿದ ಮೇಲೆ ಮೂಗನ್ನು ಆಕಾಶಕ್ಕೆ ತೋರಿಸಿ ಸೀನು ಬರುವುದನ್ನೇ ಕಾಯುವ ಭಂಗಿ ನನಗೆ ಕರತಲಾಮಲಕ. ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು ಯಾರಿಗೋ ರಜೆ ಇಲ್ಲ ಎನ್ನುವ ಮೊದಲು ಗಂಟಲಲ್ಲಿ ಹೊರಡಿಸುವ ಗುಡುಗು, ಎದುರಿನ ಚಹಾದಂಗಡಿಯ ಮೊಯ್ದು ಕಾಕ ಚಹಾ ಎತ್ತಿ ಹೊಯ್ಯುವಾಗ ಬಾಯಲ್ಲೂ ಸುರಿಸುವ 'ಶ್ಶ್ಶ್', ಎಲ್ಲವೂ ನನ್ನ ಗಂಟಲಲ್ಲಿ ದಾಸ್ತಾನು. ನನ್ನ ದನಿಯನ್ನೂ ನಾನು ಅಣಕಿಸಬಲ್ಲೆ. ಅದೊಂದು ಮಾತ್ರ ಯಾರಿಗೂ ಗುರುತು ಸಿಗುವುದಿಲ್ಲ!

ಹೀಗಿರಲು, ಸೀಮೆಗೆ ವಾಪಸು ಹೊರಟ ಎಸ್ಟೇಟಿನ ಬಿಳಿ ದೊರೆಯೊಬ್ಬರು ಬಿಟ್ಟುಹೋದ ರೇಡಿಯೋ ನಮ್ಮ ಅಂಗಡಿಗೆ ಬಂತು. ಅದರ ಬ್ಯಾಟರಿ ಅದಕ್ಕಿಂತ ಭಾರ. ಹಲಸಿನ ಮರದ ತುದಿಗೆ ಬಿದಿರು ಕಟ್ಟಿ ತಂತಿ ಎಳೆದೆವು. ಸಂಜೆಗೊಮ್ಮೆ ಮದರಾಸಿನಿಂದ ಇಂಗ್ಲಿಷಿನಲ್ಲಿ ಹವಾಮಾನ ಹೇಳುತ್ತಿದ್ದರು. ಅಲ್ಲಿನ ಮಹಾಶಯರಿಗೆ ಒಂದು ಅಭ್ಯಾಸ. ಮುಖ್ಯವಾದ ಮಾತು ಬರುವ ಮೊದಲು ಸಣ್ಣದಾಗಿ, ಬಹಳ ಮರ್ಯಾದೆಯಿಂದ, ಒಮ್ಮೆ ಕೆಮ್ಮುತ್ತಿದ್ದರು. ಆ ಕೆಮ್ಮು ನನಗೆ ಒಂದೇ ಸಂಜೆಗೆ ಒಲಿಯಿತು.

ಹುತ್ತರಿ ಹಬ್ಬ ಮುಗಿದಿತ್ತು. ಕಾಫಿ ಕೆಂಪಾಗಿ, ತುಂಡು ತೋಟವಿದ್ದ ಮಾವನೂ ಸೇರಿ ಊರಿಗೆ ಊರೇ ಕೊಯ್ಲಿನಲ್ಲಿತ್ತು. ಕೊಯ್ದ ಹಣ್ಣು ಕಣದಲ್ಲಿ ಒಣಗುವ ಹೊತ್ತಿಗೆ ಕೊಲ್ಲಿಯಲ್ಲಿ ತುಫಾನೆದ್ದಿದೆ ಎಂಬ ಸುದ್ದಿ ಬಂತು. ಸಂಜೆಯಾದರೆ ಜಗಲಿ ತುಂಬಾ ಜನ. ರೇಡಿಯೋ ಗೊರಗೊರ ಎನ್ನುವುದು, ನಾನು ಪಕ್ಕದಲ್ಲಿ ಕುಳಿತು ಅದೇ ಗತ್ತಿನಲ್ಲಿ, ಅದೇ ಕೆಮ್ಮಿನೊಡನೆ ಕನ್ನಡದಲ್ಲಿ ಹೇಳುವುದು. ನಾನು ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದವನು. ಆದರೆ ಜಗಲಿಯಲ್ಲಿದ್ದ ಬೇರೆ ಯಾರೂ ಆ ಪರೀಕ್ಷೆಗೆ ಕೂತವರೇ ಅಲ್ಲ. ಹೀಗೆ ನಾನು ವಿದ್ವಾಂಸ! ಗೋಡೆಯ ಮೇಲೆ ಹಳೆಯ ಶಾಲೆಯ ಭೂಪಟ ತೂಗಿಸಿ, ಒಂದು ಕಾಫಿ ಹಣ್ಣನ್ನು ಹಲಸಿನ ಮೇಣದಲ್ಲಿ ಕೊಲ್ಲಿಯ ನಡುವೆ ಅಂಟಿಸಿದೆ. ಅದೇ ಚಂಡಮಾರುತ. ದಿನಾ ಕಿತ್ತು ಒಂದೊಂದು ಬೆರಳು ಮುಂದೆ ಅಂಟಿಸುತ್ತಿದ್ದೆ. ಅದು ನಾಗಪಟ್ಟಣದ ಕಡೆಗೆ ಸಾಗಿತ್ತು.

ಜಗಲಿಯ ಕೆಳಗಿನ ಮೆಟ್ಟಿಲಲ್ಲಿ ಎಸ್ಟೇಟಿನ ಕೂಲಿ ಲೈನಿನ ಮುನಿಯಮ್ಮ ಕೂರುತ್ತಿದ್ದಳು. ಗಂಡ ಸತ್ತ ಮೇಲೆ ಒಬ್ಬಳೇ ಮಗಳು ಸೆಲ್ವಿಯನ್ನು ಸಾಕಿ, ನಾಗಪಟ್ಟಣದ ಹತ್ತಿರ ಸಮುದ್ರದಂಚಿನ ಹಳ್ಳಿಗೆ, ತನ್ನ ತವರಿನ ಕಡೆಯವರಿಗೇ ಕೊಟ್ಟಿದ್ದಳು. ಸೆಲ್ವಿ ಈಗ ಬಸುರಿ. ಚೊಚ್ಚಲ ಹೆರಿಗೆ ತಾಯಿಯ ಮನೆಯಲ್ಲಾಗಬೇಕು, ತಾಯಿಯೇ ಹೋಗಿ ಕರೆತರಬೇಕು. ತಾಯಿಯ ಮನೆ ಎಂದರೆ ಲೈನಿನ ಒಂದೇ ಕೋಣೆ. ಮುನಿಯಮ್ಮ ಅದಕ್ಕೆ ಸುಣ್ಣ ಬಳಿದಳು. ಮಾಡಿನ ತೊಲೆಗೆ ಹಳೆ ಸೀರೆಯ ತೊಟ್ಟಿಲು ಕಟ್ಟಿದಳು. ಕೊಯ್ಲು ಮುಗಿಯುವ ತನಕ ರಜೆ ಇಲ್ಲ ಎಂದಿದ್ದ ರೈಟರು, ತುಫಾನು ಆ ಕಡೆಗೇ ಹೊರಟಿದೆ ಎಂದು ತಿಳಿದ ಮೇಲೆ ಗುಡುಗದೆಯೇ, "ಹೋಗಿ ಕರ್ಕೊಂಡು ಬಾ" ಅಂದರಂತೆ. ಬೆಳಗಿನ ಮೈಸೂರು ಬಸ್ಸಿಗೆ ಗಂಟು ಕಟ್ಟಿಕೊಂಡೇ ಅವಳು ಆ ಸಂಜೆ ಸುದ್ದಿ ಕೇಳಲು ಬಂದಳು.

ಆ ಸಂಜೆ ಮದರಾಸಿನ ಮಹಾಶಯರು ಕೆಮ್ಮಿ ಹೇಳಿದ್ದು ನನಗೆ ಅರ್ಥವಾದ ಮಟ್ಟಿಗೆ ಇಷ್ಟು: ತುಫಾನು ನೇರ ಪಶ್ಚಿಮಕ್ಕೆ ಬರಬಹುದು, ಇಲ್ಲವೇ ಉತ್ತರಕ್ಕೆ ತಿರುಗಬಹುದು. ನಾನೂ ಹಾಗೆಯೇ ಹೇಳಿದೆ.

ಮಾವನಿಗೆ ರೇಗಿತು. "ಬರಬಹುದು, ತಿರುಗಬಹುದು! ಎಂತದೋ ಇದು, ಮದುವೆ ದಲ್ಲಾಳಿ ಹಾಗೆ ಮಾತಾಡ್ತಾನಲ್ಲ ಅವನು. ಎತ್ತ ಹೋಗ್ತದೆ, ಸರಿಯಾಗಿ ಹೇಳೋ!"

ನಾನು ಮುನಿಯಮ್ಮನತ್ತ ತಿರುಗಿದೆ. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಹಾಗೆ ನೋಡುವವರ ಮುಂದೆ 'ಗೊತ್ತಿಲ್ಲ' ಎನ್ನುವುದು ಯಾವ ಕಲಾವಿದನಿಗೂ ಸಾಧ್ಯವಿಲ್ಲ. ಕೆಮ್ಮಿದೆ.

"ಉತ್ತರಕ್ಕೆ ತಿರುಗಿದೆ!"

ಹಣ್ಣನ್ನು ಕಿತ್ತು ಮೇಲಕ್ಕೆ ಅಂಟಿಸಿದೆ. ಮುನಿಯಮ್ಮ ಎರಡೂ ಕೈ ಜೋಡಿಸಿದಳು. ನನಗಲ್ಲ, ರೇಡಿಯೋಗೆ. "ಮುರುಗಾ! ಹಂಗಾದ್ರೆ ಕೊಯ್ಲು ಮುಗಿಸ್ಕೊಂಡೇ ಹೋಗ್ತೀನಿ ತಂಬಿ. ರೈಟರ್ ಅಯ್ಯನೂ ಖುಷಿ ಪಡ್ತಾರೆ." ಗಂಟು ಬಿಚ್ಚಿ, ದಾರಿಗೆಂದು ಹುರಿದ ಕಡಲೆಯನ್ನು ಎಲ್ಲರಿಗೂ ಹಂಚಿದಳು. ನಾನು ಎರಡು ಹಿಡಿ ತಿಂದೆ. ಚೆನ್ನಾಗಿತ್ತು.

ಮರುದಿನ ಬ್ಯಾಟರಿ ಸತ್ತಿತು. ಆದರೆ ಜನ ಬಂದಿದ್ದಾರೆ, ಜಗಲಿ ತುಂಬಿದೆ! ರೇಡಿಯೋದ ಮೇಲೆ ಕಂಬಳಿ ಮುಚ್ಚಿ, ಅದರೊಳಕ್ಕೆ ತಲೆ ತೂರಿಸಿ, "ದನಿ ಸಣ್ಣಗಿದೆ, ಗಲಾಟೆ ಮಾಡಬೇಡಿ" ಎಂದು ಎಲ್ಲರನ್ನೂ ಗದರಿದೆ. ಗೊರಗೊರ ಸದ್ದನ್ನೂ ನಾನೇ ಹೊರಡಿಸಿದೆ. ಬ್ಯಾಟರಿ ಮಡಿಕೇರಿಗೆ ಹೋಗಿ ಚಾರ್ಜಾಗಿ ಬರುವ ತನಕ ಚಂಡಮಾರುತಕ್ಕೆ ನಾನೊಬ್ಬನೇ ವಾರಸುದಾರ.

"ನೆಲ್ಲೂರಿನತ್ತ ಸಾಗಿದೆ," ಎಂದೆ ಗಂಭೀರವಾಗಿ.

"ಅಯ್ಯೋ ದೇವುಡಾ!" ಎಂದು ಹಿಂದಿನಿಂದ ಕೂಗು. ಸೇತುವೆ ಕೆಲಸದ ವೆಂಕಯ್ಯ ಮೇಸ್ತ್ರಿ! ಅವನ ಹೆಂಡತಿ ಮಕ್ಕಳೆಲ್ಲ ನೆಲ್ಲೂರಿನಲ್ಲಿ. ಅಷ್ಟೆತ್ತರದ ಆಳು ಮಕ್ಕಳ ಹಾಗೆ ಅಳತೊಡಗಿದ. ಅವನ ಅಳು ನೋಡಲಾರದೆ ಮತ್ತೆ ಕಂಬಳಿಯೊಳಗೆ ಹೊಕ್ಕು, ಕೆಮ್ಮಿ, "ತಿದ್ದುಪಡಿ! ನೆಲ್ಲೂರಲ್ಲ, ದಕ್ಷಿಣದಿಂದ ಸುತ್ತು ಹಾಕಿ ಮಲಬಾರಿಗೆ" ಎಂದೆ.

ಚಹಾದ ಲೋಟಗಳು ನೆಲಕ್ಕೆ ಬಿದ್ದವು. "ಪಡಚ್ಚೋನೇ! ಎಂದಾ ಮೋನೇ, ತಲಶ್ಶೇರಿಗಾ ಕಳ್ಸೋದು ಅದನ್ನ? ಎಂಡೆ ಉಮ್ಮ, ನನ್ನ ತಾಯಿ, ಉಂಟಲ್ಲಾ ಅಲ್ಲಿ! ಗಡಿಯ ಮಾಕುಟ್ಟದ ಗೇಟಲ್ಲಿ ನಿಲ್ಸೋಕೆ ಆಗಲ್ವಾ?" ಮೊಯ್ದು ಕಾಕನ ಗಡ್ಡ ನಡುಗುತ್ತಿತ್ತು.

ಸಿಲೋನಿಗೆ ಕಳಿಸಿದೆ. ಅಲ್ಲಿನ ಟೀ ತೋಟದಲ್ಲಿ ಲೈನಿನ ಅರ್ಧದಷ್ಟು ಜನರ ಅಣ್ಣತಮ್ಮಂದಿರಿದ್ದರು!

ಆಗ ನನಗೆ ಹೊಳೆದ ಸತ್ಯವಿದು: ಮೂರು ಬೀದಿಯ ಈ ಸುಂಟಿಕೊಪ್ಪದಲ್ಲಿ ನಿಂತು ಭೂಪಟದ ಮೇಲೆ ಬೆರಳಿಟ್ಟರೆ, ಯಾರ ಅಮ್ಮನೂ ಇಲ್ಲದ, ಯಾರ ಮಗಳೂ ಇಲ್ಲದ ದಡ ಒಂದೂ ಇಲ್ಲ. ಹಣ್ಣು ನನ್ನ ಬೆರಳಿಗೇ ಅಂಟಿಕೊಂಡಿತ್ತು. ಎಲ್ಲಾದರೂ ಒಂದು ಕಡೆ ಅಂಟಿಸಲೇಬೇಕಲ್ಲ? ನ್ಯಾಯವಾಗಿ ಯೋಚಿಸಿ, ತ್ಯಾಗಬುದ್ಧಿಯಿಂದ, ಅದನ್ನು ಕೊಡಗಿನ ಮೇಲೆ ಅಂಟಿಸಿದೆ.

"ಚಂಡಮಾರುತವು ಕಾವೇರಿ ನದಿಯನ್ನು ಹಿಡಿದುಕೊಂಡು ಮೇಲ್ಮುಖವಾಗಿ ಕೊಡಗು ರಾಜ್ಯಕ್ಕೆ ದಯಮಾಡಿಸುತ್ತಿದೆ!"

ಮಾವನ ಬೆರಳಲ್ಲಿದ್ದ ನಶ್ಯ ಅಲ್ಲೇ ಉಳಿಯಿತು.

"ಕಾವೇರಮ್ಮ ಇಳಿದು ಹೋದ ದಾರೀಲಿ ಅದು ಹತ್ತಿ ಬರ್ತದಾ?"

"ಅದಕ್ಕೂ ಒಂದು ದಾರಿ ಬೇಡ್ವಾ ಮಾವ?"

ಮಾವ ನಂಬಿದರು. ಅಮ್ಮನ ಹೆಸರು ಬಂದ ಮೇಲೆ ನಮ್ಮವರು ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಕೇಳಿದವಳು ಮುನಿಯಮ್ಮ ಒಬ್ಬಳೇ. "ತಂಬಿ, ಕಾವೇರಿ ಸಮುದ್ರ ಸೇರೋದು ನಮ್ಮ ಕಡೆ ಅಲ್ವಾ? ಹೊಳೆ ಹಿಡ್ಕೊಂಡು ಬರೋದಾದ್ರೆ ನಮ್ಮ ಸೆಲ್ವಿ ತಲೆ ಮೇಲೇ ಬರ್ಬೇಕಲ್ಲಾ?"

ನಾನು ಕೆಮ್ಮಿದೆ. ಎರಡು ಸಲ ಕೆಮ್ಮಿದೆ. "ಅಲ್ಲಿ ಎತ್ತರದಲ್ಲಿ ಹಾರಿಕೊಂಡು ಬರುತ್ತದೆ. ಇಳಿಯುವುದು ಇಲ್ಲಿ."

ಅವಳ ಮುಖ ಅರಳಿತು. ಮರುಕ್ಷಣವೇ ಬಾಡಿತು, ನಮಗಾಗಿ. "ಪಾವಂ ಸಾವ್ಕಾರ್ರೇ, ನನ್ನ ಮಗಳಿಗೆ ಬರೋದು ನಿಮ್ಗೆ ಬಂತಲ್ಲಾ. ನಾಳೆ ನಿಮ್ಮ ಕಣಕ್ಕೆ ನಾನೂ ಬರ್ತೀನಿ. ಕೂಲಿ ಬೇಡ."

ಬಂದಳು. ಸುಂಟಿಕೊಪ್ಪದಲ್ಲಿ ಅಂದು ಕಣ ಇದ್ದವರೆಲ್ಲ ಅರೆ ಒಣಗಿದ ಕಾಫಿಯನ್ನು ರಾಶಿ ಮಾಡಿದರು. ರಾಶಿಯ ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಕಲ್ಲು. ಹಸುಗಳನ್ನು ಹಟ್ಟಿಯೊಳಗೆ ಕಟ್ಟಿದರು. ಮೊಯ್ದು ಕಾಕ ತನ್ನ ಅಂಗಡಿಯ ಬೋರ್ಡು ಇಳಿಸಿ ಮಂಚದಡಿ ಇಟ್ಟ. ಮುನಿಯಮ್ಮ ಸೆರಗು ಕಟ್ಟಿ ಎಲ್ಲರಿಗಿಂತ ಮುಂದೆ ನಿಂತು ರಾಶಿ ಎಳೆದಳು. ನಡುನಡುವೆ ನನ್ನನ್ನು ಕರೆದು, "ತಂಬಿ, ಆ ಕೆಮ್ಮು ಒಂದ್ಸಲ" ಎನ್ನುವಳು. ನಾನು ಕೆಮ್ಮಿದರೆ ನಗುವಳು. ಸೆಲ್ವಿ ಬಂದ ಮೇಲೆ ಅವಳಿಗೂ ಕೇಳಿಸಬೇಕಂತೆ, ಬಸುರಿಯರು ನಗಬೇಕಂತೆ.

ಆಮೇಲೆ ಎಲ್ಲರೂ ಚಂಡಮಾರುತಕ್ಕೆ ಕಾದೆವು.

ಬಿಸಿಲು! ಅಂಥ ಬಿಸಿಲನ್ನು ಆ ಕೊಯ್ಲಿನಲ್ಲೇ ಯಾರೂ ಕಂಡಿರಲಿಲ್ಲ. ಆಕಾಶ ಒರೆಸಿಟ್ಟ ಹಾಗಿತ್ತು. "ಇದು ತುಫಾನಿನ ಮುಂಚಿನ ಬಿಸಿಲು" ಎಂದೆ. ಮರುದಿನವೂ ಅದನ್ನೇ ಎಂದೆ. ಅದರ ಮರುದಿನ ಮಾವನ ಮುಖ ನೋಡಿ ಏನೂ ಅನ್ನಲಿಲ್ಲ. ಟಾರ್ಪಾಲು ಎತ್ತಿದಾಗ ರಾಶಿಯಿಂದ ಬಿಸಿ ಹೊಗೆಯೆದ್ದು ಹೆಂಡದ ಅಂಗಡಿಯ ವಾಸನೆ ಬಂತು. ಕಾಫಿಯ ಮೇಲೆ ಬೆಳ್ಳಗೆ ಬೂಷ್ಟು. ಮಾವ ಮೂಗನ್ನು ಆಕಾಶಕ್ಕೆ ತೋರಿಸಿ ನಿಂತರು. ಈ ಸಲ ನಶ್ಯದಿಂದಲ್ಲ.

"ಚಿಣ್ಣ," ಎಂದರು ಬಹಳ ಮೆತ್ತಗೆ, "ಆ ರೇಡಿಯೋದವನ ವಿಳಾಸ ಉಂಟಾ ನಿನ್ನ ಹತ್ರ?"

ಅಷ್ಟರಲ್ಲಿ ಮೈಸೂರಿನ ಬಸ್ಸು ಬಂತು. ಡ್ರೈವರು ಇಳಿದು, ನಮ್ಮೂರಿಗೆ ಅಪರೂಪಕ್ಕೆ ಬರುವ ಪತ್ರಿಕೆಯನ್ನು ನನ್ನ ಕೈಗೇ ಕೊಟ್ಟ. ಊರಿನ ವಿದ್ವಾಂಸ ನಾನಲ್ಲವೇ? ಜನ ಸೇರಿದರು. "ಓದೋ, ಗಟ್ಟಿಯಾಗಿ ಓದು!"

ಓದಿದೆ. ತುಫಾನು ಎಲ್ಲಿಯೂ ತಿರುಗಿರಲಿಲ್ಲ. ಮೊದಲಿಂದಲೂ ಯಾವ ಕಡೆಗೆ ಮುಖ ಮಾಡಿತ್ತೋ ಅಲ್ಲಿಗೇ, ನಾಗಪಟ್ಟಣದ ದಡಕ್ಕೇ ನುಗ್ಗಿತ್ತು. ಸಮುದ್ರದಂಚಿನ ಹಳ್ಳಿಗಳ ಹೆಸರುಗಳಿದ್ದವು. ಒಂದೊಂದನ್ನೂ ಓದಿದೆ. ಮುನಿಯಮ್ಮ ನಮ್ಮ ಕಣದಲ್ಲಿ ಹಾಳಾದ ಕಾಫಿಯನ್ನು ಬಿಸಿಲಿಗೆ ಹರಡುತ್ತಿದ್ದವಳು, ಕೈ ಕೂಡ ತೊಳೆಯದೆ ಬಂದು ನಿಂತಿದ್ದಳು. ಸೆಲ್ವಿಯ ಊರಿನ ಹೆಸರು ಬಂದಾಗ ಓದುವುದನ್ನು ನಿಲ್ಲಿಸಿದೆ. ನಿಲ್ಲಿಸಿದ್ದೇ ತಪ್ಪಾಯಿತು. ನಿಲ್ಲಿಸದಿದ್ದರೆ ಆ ಗಲಾಟೆಯಲ್ಲಿ ಅವಳಿಗೆ ಅಷ್ಟು ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲವೇನೋ.

ಅವಳು ಮೈಸೂರಿಗೆ ವಾಪಸು ಹೊರಟ ಅದೇ ಬಸ್ಸನ್ನು ಹತ್ತಿದಳು. ಕೈಯಲ್ಲಿ ಗಂಟು ಇರಲಿಲ್ಲ.

ಆಮೇಲೆ ಊರವರು ನನ್ನನ್ನು ಸಮಾಧಾನ ಮಾಡಿದ ಬಗೆಯನ್ನು ಹೇಳಲೇಬೇಕು. ಕಾಫಿ ಕಳೆದುಕೊಂಡವರೂ ಸಮಾಧಾನ ಮಾಡಿದರು! "ನೀನು ಉತ್ತರಕ್ಕೆ ತಿರುಗಿಸಿದ್ದಕ್ಕೇ ಮುನಿಯಮ್ಮ ಉಳಿದಳು ಕಣೋ. ಹೋಗಿದ್ರೆ ಅವಳೂ ಹೋಗಿರೋಳು" ಎಂದ ಒಬ್ಬ. "ಹೋಗಿದ್ರೆ ಇಬ್ರೂ ಇಲ್ಲಿಗೆ ಬಂದು ಸೇರ್ಕೊಳ್ತಿದ್ರು" ಎಂದ ಇನ್ನೊಬ್ಬ. ಇಬ್ಬರೂ ನನ್ನ ಮುಂದೆಯೇ ನಿಂತು ಜಗಳಾಡಿದರು. ಬರಬಹುದಿತ್ತು, ಹೋಗಬಹುದಿತ್ತು. ಮದರಾಸಿನ ಮಹಾಶಯರು ಹೇಳಿದ್ದೂ ಅಷ್ಟೇ. ಪಾಪ, ಅವರು ಗೊತ್ತಿಲ್ಲದ್ದನ್ನು ಗೊತ್ತಿಲ್ಲದ ಹಾಗೆಯೇ ಹೇಳಿದ್ದರು. ಅವರ ದನಿ, ಗತ್ತು, ಕೆಮ್ಮು ಎಲ್ಲವನ್ನೂ ಕಲಿತ ನಾನು ಅದೊಂದನ್ನು ಮಾತ್ರ ಕಲಿತಿರಲಿಲ್ಲ.

ಕೊಯ್ಲು ಮುಗಿದು ಕಾಫಿ ಹೂ ಅರಳಿಸುವ ಮಳೆಗೆ ಜನ ಆಕಾಶ ನೋಡುವ ಹೊತ್ತಿಗೆ ಮುನಿಯಮ್ಮ ವಾಪಸು ಬಂದಳು. ಒಬ್ಬಳೇ ಬಂದಳು. ಅಳಿಯ ಬದುಕಿದ್ದಾನಂತೆ. ಮನೆಯಿದ್ದ ಕಡೆ ಮರಳಿತ್ತಂತೆ. ನೀರಿಳಿದ ಮೇಲೆ ಸೆಲ್ವಿಯನ್ನು ಅವರು ಕಂಡದ್ದು ಊರಾಚೆಯ ತಾಳೆಮರಗಳ ಹತ್ತಿರವಂತೆ. ಇಷ್ಟನ್ನು ಮಾವನಿಗೆ ಹೇಳಿ, ಲೈನಿಗೆ ಹೋಗಿ, ತೊಲೆಗೆ ಕಟ್ಟಿದ್ದ ಸೀರೆಯನ್ನು ಬಿಚ್ಚಿ ಒಗೆದು ಹಾಕಿದಳು.

ಸಂಜೆ ಜಗಲಿಗೆ ಬಂದಳು. ಅದೇ ಮೆಟ್ಟಿಲಿನಲ್ಲಿ ಕೂತಳು. ಬ್ಯಾಟರಿ ಚಾರ್ಜಾಗಿತ್ತು, ರೇಡಿಯೋ ಹಾಡುತ್ತಿತ್ತು. ಮಾವ ಎದ್ದು ಅದರ ಕಿವಿ ತಿರುಗಿಸಿ ಬಾಯಿ ಮುಚ್ಚಿಸಿದರು. ನಾನು ಅಂಗಡಿಯ ಒಳಗೆ ಬೆಲ್ಲದ ಪಿಂಡಿಯ ಹಿಂದೆ ಅಡಗಿದ್ದೆ.

"ತಂಬಿ ಎಲ್ಲಿ?" ಎಂದಳು.

ಹೊರಗೆ ಬಂದೆ. ಬೈಗಳಿಗೆ ತಯಾರಾಗಿ ಬಂದಿದ್ದೆ. ಬೈದರೆ ಒಳ್ಳೆಯದಿತ್ತು.

"ಅವತ್ತು ಹೇಳಿದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು."

"ಯಾವುದನ್ನ, ಮುನಿಯಮ್ಮ?"

"ಉತ್ತರಕ್ಕೆ ತಿರುಗ್ತು ಅಂದ್ಯಲ್ಲ, ಅದು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂದಿತ್ತು ನಂಗೆ. ಆಮೇಲೆ ಬರ್ಲಿಲ್ಲ."

ನಾನು ಮಾವನ ಮುಖ ನೋಡಿದೆ. ಮಾವ ನೆಲ ನೋಡಿದರು. ಮೊಯ್ದು ಕಾಕ ಚಹಾ ಹೊಯ್ಯುವುದನ್ನು ಅರ್ಧಕ್ಕೆ ನಿಲ್ಲಿಸಿದ. ಊರಿನ ಮಹಾ ಅಣಕಿಗನ ಜೀವಮಾನದ ಅತಿ ದೊಡ್ಡ ಪ್ರದರ್ಶನ! ಎದೆ ಸೆಟೆದು ಹೇಳಿದೆ: "ಚಂಡಮಾರುತವು ಉತ್ತರಕ್ಕೆ ತಿರುಗಿದೆ. ಅದು ಯಾವ ದಡವನ್ನೂ ಮುಟ್ಟುವುದಿಲ್ಲ. ಸಮುದ್ರದ ನಡುವೆಯೇ ಕರಗಿ ಹೋಗುತ್ತದೆ."

ಹೊರಟ ದನಿ ಮದರಾಸಿನದಲ್ಲ. ಮಾವನದೂ ಅಲ್ಲ, ಕಾಕನದೂ ಅಲ್ಲ. ಯಾರದೋ ತೆಳ್ಳಗಿನ, ಕೊನೆಯಲ್ಲಿ ಒಡೆಯುವ ದನಿ. ಕೇಳಿದವರಲ್ಲಿ ಯಾರಿಗೂ ಗುರುತು ಸಿಗಲಿಲ್ಲ.

ಮುನಿಯಮ್ಮ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಆಮೇಲೆ ತಲೆಯಲ್ಲಾಡಿಸಿದಳು.

"ಕೆಮ್ಮು ಮರ್ತೆ ತಂಬಿ."

ಕೆಮ್ಮಿದೆ. ಒಂದು ಸಲಕ್ಕೆ ನಿಲ್ಲಿಸಬೇಕಿತ್ತು, ನಿಲ್ಲಲಿಲ್ಲ. ಕಂಬ ಹಿಡಿದುಕೊಂಡು, ಬಗ್ಗಿ, ಮೂಗಿನಲ್ಲಿ ಕಣ್ಣಿನಲ್ಲಿ ನೀರು ಬರುವ ತನಕ ಕೆಮ್ಮಿದೆ. ಕೊನೆಗೆ ಮಾವ ಎದ್ದು ಬಂದು ಬೆನ್ನ ಮೇಲೆ ಕೈಯಿಟ್ಟರು.

"ಸಾಕೋ ಮಾರಾಯ," ಎಂದರು. "ರೇಡಿಯೋದವನು ಇಷ್ಟು ಕೆಮ್ಮೋದಿಲ್ಲ."