ಅಣ್ಣನ ಹುಲ್ಲು, ನನ್ನ ಗೊಬ್ಬರ

ನನ್ನ ಅಣ್ಣನಿಗೆ ಇಬ್ಬರು ಹೆಂಡತಿಯರು ಎಂದು ಅತ್ತಿಗೆಯೇ ಊರಿನವರಿಗೆಲ್ಲ ಫೋನಿನಲ್ಲಿ ಹೇಳಿಯಾಗಿದೆ. ಒಬ್ಬಳು ತಾನು. ಇನ್ನೊಬ್ಬಳು ಸೌದಿಯ ರಾಸ್ ತನೂರಾದ ಬಾಡಿಗೆ ಮನೆಯೆದುರು ಹಸಿರಾಗಿ ಮಲಗಿದ್ದಾಳೆ, ಹೊತ್ತುಹೊತ್ತಿಗೆ ನೀರು ಕುಡಿಯುತ್ತಾಳೆ, ಎದುರು ಮಾತಾಡುವುದಿಲ್ಲ. ನಾಲ್ಕು ಚಾಪೆ ಹಾಸುವಷ್ಟು ಜಾಗದ ಹುಲ್ಲು ಅದು!

ಅಣ್ಣ ರಿಫೈನರಿಯಲ್ಲಿ ಫೋರ್‌ಮನ್. ಅಲ್ಲಿ ಪರ್ಮಿಟ್ ಇಲ್ಲದೆ ಒಂದು ಬೋಲ್ಟನ್ನೂ ಮುಟ್ಟುವ ಹಾಗಿಲ್ಲ. ಆ ಕಾನೂನನ್ನು ಅವನು ಮನೆಗೂ ತಂದ. ಹುಲ್ಲಿನ ಸುತ್ತ ಕೆಂಪು-ಬಿಳಿ ಟೇಪು ಕಟ್ಟಿದ. ಒಮ್ಮೆ ಒಣಹಾಕಿದ ಟವೆಲ್ ಗಾಳಿಗೆ ಹಾರಿ ಹುಲ್ಲಿನ ನಡುವೆ ಬಿತ್ತು.

"ತೆಗೀಲಿಕ್ಕೆ ಪರ್ಮಿಟ್ ಬೇಕಾ?" ಅತ್ತಿಗೆ ಕೇಳಿದರು.

"ಚಪ್ಪಲಿ ಬಿಟ್ಟು, ಬೆರಳ ತುದಿಯಲ್ಲಿ ಹೋಗು, ಸಾಕು."

"ಅದಕ್ಕಿಂತ ನಾನೂ ಟವೆಲಿನ ಹಾಗೆ ಹಾರಿಕೊಂಡೇ ಹೋಗ್ತೇನೆ."

ಇಷ್ಟೆಲ್ಲ ಯಾಕೆಂದರೆ, ನನ್ನ ಹೆಂಡತಿ ಮತ್ತು ಮಗ ಊರಿನಿಂದ ವಿಸಿಟ್ ವೀಸಾದಲ್ಲಿ ಅಣ್ಣನ ಮನೆಗೆ ಬರುವವರಿದ್ದರು. ಮಗ ಹುಟ್ಟಿದ ಮೇಲೆ ನನಗೆ ಊರಿಗೆ ಹೋಗಲು ಆಗಿರಲಿಲ್ಲ. ಅವನು ಗೋಡೆ ಹಿಡಿದು ನಿಲ್ಲುವುದನ್ನು ಫೋನಿನಲ್ಲಷ್ಟೇ ನೋಡಿದ್ದೆ. "ಇಲ್ಲಿ ಎಲ್ಲಿ ನೋಡಿದ್ರೂ ಟೈಲ್ಸು, ಸಿಮೆಂಟು. ಹುಡುಗ ನಡೀಲಿಕ್ಕೆ ಕಲಿಯುವಾಗ ಬಿದ್ರೆ ಮೆತ್ತಗೆ ಬೀಳ್ಬೇಕು. ಅವ ಬರುವಾಗ ಹುಲ್ಲು ತಯಾರಿರಬೇಕು," ಎಂದಿದ್ದ ಅಣ್ಣ.

ಗೊಬ್ಬರ ತರುವ ಕೆಲಸ ನನ್ನ ತಲೆಗೆ ಬಂತು. ನಾನು ಅಲ್ಲೇ ತರಕಾರಿ ವ್ಯಾನು ಓಡಿಸುವವನು. "ಚೆನ್ನಾಗಿ ಕಳಿತದ್ದೇ ತಾ. ಅರ್ಧಂಬರ್ಧ ಕಳಿತದ್ದು ಹಾಕಿದ್ರೆ ಹುಳ ಆಗ್ತದೆ. ಚಹಾಪುಡಿ ಹಾಗೆ ಇರ್ಬೇಕು," ಎಂದ ಅಣ್ಣ. ಹಳೆ ಗೊಬ್ಬರ ಸಿಗುವ ತೋಟ ದೂರ. ಕುರಿ ಸಂತೆ ನನ್ನ ದಾರಿಯಲ್ಲೇ. ಹಸಿ ಹಿಕ್ಕೆ ತುಂಬಿಸಿಕೊಂಡು ಬಂದು, ವ್ಯಾನಿನ ಮೇಲೆ ಹರಡಿ ಬಿಸಿಲಿಗಿಟ್ಟು ಪುಡಿ ಮಾಡಿದೆ. ಸೌದಿಯ ಬಿಸಿಲಿಗೆ ಏನು ತಾನೇ ಒಣಗುವುದಿಲ್ಲ? ಒಣಗಿದ್ದು ಬೇರೆ, ಕಳಿತದ್ದು ಬೇರೆ ಎಂಬ ಪಾಠ ನಾನು ಓದಿದ ಏಳನೇ ಕ್ಲಾಸಿನವರೆಗೆ ಬಂದಿರಲಿಲ್ಲ. ಬಂದಿದ್ದರೆ ಆ ದಿನ ನಾನು ಶಾಲೆಗೆ ಹೋಗಿರಲಿಕ್ಕಿಲ್ಲ. ಅಣ್ಣ ಮುಷ್ಟಿಯಲ್ಲಿ ಹಿಡಿದು ನೋಡಿ, "ಎಂತ ಚಂದದ ಗೊಬ್ಬರ ಮಾರಾಯ," ಎಂದ. ನಾನು ಹಲ್ಲು ಕಿರಿದೆ.

ಕೆಲವು ವಾರ ಕಳೆದು ಹುಲ್ಲಿನಲ್ಲಿ ಕಂದು ಮಚ್ಚೆ ಕಾಣಿಸಿಕೊಂಡಿತು. ಬಾಯಾರಿಕೆ ಎಂದು ಅಣ್ಣ ನೀರು ಹೆಚ್ಚಿಸಿದ. ಮಚ್ಚೆಯೂ ಹೆಚ್ಚಿತು. ಕಾಲಿಟ್ಟರೆ ನೆಲ ಸ್ಪಂಜಿನ ಹಾಗೆ. ಮೈನಾ ಹಕ್ಕಿಗಳು ಬಂದು ಕುಕ್ಕತೊಡಗಿದಾಗ ಅಣ್ಣನಿಗೆ ಹೆಮ್ಮೆಯೋ ಹೆಮ್ಮೆ: "ನೋಡು, ಹಕ್ಕಿಗಳೂ ನಮ್ಮ ಹುಲ್ಲು ನೋಡ್ಲಿಕ್ಕೆ ಬರ್ತಾ ಉಂಟು."

"ನೋಡ್ಲಿಕ್ಕಲ್ಲ, ಊಟಕ್ಕೆ," ಎಂದ ಅತ್ತಿಗೆ, ಪರ್ಮಿಟ್ ಕೇಳದೆ ಒಳಗೆ ಹೋಗಿ ಕಂದು ಹುಲ್ಲನ್ನು ಹಿಡಿದೆಳೆದರು. ಬೇರೇ ಇಲ್ಲದ ಹುಲ್ಲು ಚಾಪೆಯ ಹಾಗೆ ಸುರುಳಿಯಾಗಿ ಎದ್ದು ಬಂತು. ಕೆಳಗೆ ಗೊಣ್ಣೆಹುಳುಗಳು! ಬಿಳಿ ಮೈ, ಕಂದು ತಲೆ, ಸುಲಿದ ಸಿಗಡಿಯ ಹಾಗೆ ಬಾಗಿ ಮಲಗಿದ್ದವು. ಬೇರು ತಿಂದು ತಿಂದು ಕೊಬ್ಬಿದ್ದವು. ಆಮೇಲೆ ಬಹಳ ಕಾಲ ಆ ಮನೆಯಲ್ಲಿ ಸಿಗಡಿ ಸುಕ್ಕ ಆಗಲಿಲ್ಲ.

ಅಣ್ಣ ಹೆಲ್ಮೆಟ್ ಹಾಕಿಕೊಂಡೇ ಯುದ್ಧಕ್ಕೆ ಇಳಿದ. ಹುಳುವಿಗೆ ಹೆಲ್ಮೆಟ್ ಯಾಕೆ ಎಂದು ಕೇಳುವ ಧೈರ್ಯ ಯಾರಿಗಿದೆ? ಸತ್ತ ಹುಲ್ಲು ಕಿತ್ತು, ಚಮಚದಿಂದ ಮಣ್ಣು ಕೆದಕಿ, ಹುಳುಗಳನ್ನು ಸಾಬೂನು ನೀರಿನ ಬಕೆಟ್ಟಿಗೆ ಹಾಕಿದೆವು. ಉಳಿದ ಹುಲ್ಲಿನ ಬುಡಕ್ಕೆ ಔಷಧಿ ಹೊಯ್ದೆವು.

"ಇದು ಎಲ್ಲಿಂದ ಬಂತು ಗೊತ್ತುಂಟಾ?" ಅಣ್ಣ ತಲೆಯೆತ್ತಿ ಕೇಳಿದ.

ನನ್ನ ಕೈಯ ಚಮಚ ಅಲ್ಲೇ ನಿಂತಿತು.

"ಪಕ್ಕದ ಮನೆಯಿಂದ. ಆ ಈಜಿಪ್ಟಿನವ ಒಂದು ದಿನವೂ ಅಂಗಳ ಗುಡಿಸಿದ್ದು ನಾನು ನೋಡ್ಲಿಲ್ಲ."

ನಾನು ಇನ್ನೊಂದು ಹುಳು ಹೆಕ್ಕಿ ಬಕೆಟ್ಟಿಗೆ ಹಾಕಿದೆ. ಅಂದಿನಿಂದ ಅಣ್ಣ ಆ ಪಾಪದ ಮನುಷ್ಯನ ಸಲಾಮಿಗೆ ಬರೀ ಗೋಣು ಆಡಿಸತೊಡಗಿದ. ಪ್ರತಿ ಸಲಾಮೂ ಬಂದು ನನಗೇ ಚುಚ್ಚುತ್ತಿತ್ತು.

ಮಗ ಬರುವ ದಿನ ಬಂದೇಬಿಟ್ಟಿತು. ಹುಲ್ಲು ಪೂರ್ತಿ ತುಂಬಿರಲಿಲ್ಲ. ಆಚೆ ಒಂದು, ಈಚೆ ಒಂದು ಬೋಳು ಮಚ್ಚೆ, ನಡುವೆ ಒಂದು ಪಟ್ಟಿ ಹುಲ್ಲು. "ಮಗು ಕೇಳಿದ ಒಂದು ಹುಲ್ಲೂ ಸರಿ ಮಾಡ್ಲಿಕ್ಕೆ ಆಗ್ಲಿಲ್ಲ ನನ್ನಿಂದ," ಎಂದು ಅಣ್ಣ ಮುಖ ಸಣ್ಣ ಮಾಡಿದ. ಮಗು ಕೇಳಿತ್ತೇ? ಅದಕ್ಕೆ ಮಾತೇ ಬರುತ್ತಿರಲಿಲ್ಲ.

ಟೇಪು ಬಿಚ್ಚಿ, ನನ್ನ ಹೆಂಡತಿ ಮಗನನ್ನು ಹುಲ್ಲಿನ ಮೇಲೆ ಇಳಿಸಿದಳು. ಪಾದಕ್ಕೆ ಹುಲ್ಲು ತಾಗಿದ್ದೇ ತಡ, ಎರಡೂ ಕಾಲು ಮಡಚಿ ಕಿರುಚಿದ. ಊರಿನ ಸಿಮೆಂಟು ಜಗಲಿಯಲ್ಲಿ ಬೆಳೆದವನು, ಹುಲ್ಲಿನ ಕಚಗುಳಿ ಅವನಿಗೇನು ಗೊತ್ತು? ಬೋಳು ಮಣ್ಣಿನ ಮೇಲೆ ಇಟ್ಟಾಗ ಸುಮ್ಮನಾದ. ನಿಂತ. ಆಚೆಯ ಮಚ್ಚೆಯಲ್ಲಿ ಕೂತಿದ್ದ ನನ್ನನ್ನು, ಈ ಫೋನಿನ ಮನುಷ್ಯ ಇಲ್ಲಿಗೆ ಹೇಗೆ ಬಂದ ಎಂಬಂತೆ ನೋಡಿದ. ಒಂದು ಕಾಲೆತ್ತಿದ. ಎದುರಿಗೆ ಹುಲ್ಲು. ಕಾಲು ಹಿಂದಕ್ಕೆಳೆದುಕೊಂಡ.

ಅಣ್ಣ ಒಂದು ಗಳಿಗೆ ನೋಡಿದ. ಆಮೇಲೆ ಮೊಣಕಾಲೂರಿ, ನಮ್ಮಿಬ್ಬರ ನಡುವಿನ ಆ ಹಸಿರು ಪಟ್ಟಿಯನ್ನು ಎರಡೂ ಕೈಯಿಂದ ಕಿತ್ತು ಕಿತ್ತು ಪಕ್ಕಕ್ಕೆ ಎಸೆಯತೊಡಗಿದ. ಬೆರಳ ತುದಿಯಲ್ಲಿ ಹೋಗಬೇಕಾದ ಹುಲ್ಲು!

ನನಗೆ ತಡೆಯಲಾಗಲಿಲ್ಲ. "ಅಣ್ಣಾ, ಆ ಗೊಬ್ಬರ ಉಂಟಲ್ಲ, ಅದು ನಾನು..."

"ಗೊಬ್ಬರ ಸಾಯ್ಲಿ. ಕೈ ಚಾಚು ಮಾರಾಯ, ಮಗ ಬರ್ತಾ ಇದ್ದಾನೆ."